ಧರ್ಮೇಂದ್ರ ಮೇಷ್ಟ್ರ ಜೀಪಿನ ಬೂಟು

ಚನ್ನರಾಯಪಟ್ಟಣದಿಂದ ಬೆಳಗೊಳಕ್ಕೆ ಹೊರಡುವ ರಸ್ತೆಯಲ್ಲಿ, ಅರುಣ್‌ಕುಮಾರನ ಗ್ಯಾರೇಜಿಗೆ ಅಂಟಿಕೊಂಡ ಹಾಗೆ ಒಂದು ಸಣ್ಣ ಮಳಿಗೆ ಇದೆ. ಬೋರ್ಡಿನ ಮೇಲೆ 'ಪಾಪಯ್ಯ ಸೀಟ್ ವರ್ಕ್ಸ್' ಅಂತ ಬರೆದಿದೆ. ಬೋರ್ಡು ನಂಬಿ ಒಳಗೆ ಹೋದವರಿಗೆ ಪಾಪಯ್ಯ ಸಿಗುವುದೇನೋ ನಿಜ. ಆದರೆ ಅವನು ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿರುತ್ತಾನೆ. ವರ್ಕ್ಸೆಲ್ಲ ಅವನ ಹೆಂಡತಿ ಬೆಳ್ಳಮ್ಮನದು.

ಹತ್ತು ವರ್ಷದ ಕೆಳಗೆ ಪಾಪಯ್ಯನ ಬಲಗೈ ನಡುಗಲು ಶುರುವಾಯಿತು. ಸೂಜಿ ಒಂದು ಕಡೆ ಹೋದರೆ ದಾರ ಇನ್ನೊಂದು ಕಡೆ. ಬಸ್ಸಿನ ಸೀಟಿನ ಹೊಲಿಗೆ ಹಾವು ಹರಿದ ಹಾಗೆ ಕಾಣುತ್ತಿತ್ತು. ದಂಡಿಗನಹಳ್ಳಿ ಕಡೆಯ ಒಕ್ಕಲು ಮನೆಯ ಮಗಳು ಬೆಳ್ಳಮ್ಮ ಅಲ್ಲಿಯವರೆಗೆ ಮನೆಯಲ್ಲಿ ಕೂತು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದವಳು. ಒಂದು ದಿನ ಬುತ್ತಿ ಕೊಡಲು ಬಂದವಳು ಆ ಹಾವಿನ ಹೊಲಿಗೆ ನೋಡಿ ಗಂಡನನ್ನು ಮಿಷನ್ನಿನಿಂದ ಎಬ್ಬಿಸಿಬಿಟ್ಟಳು.

"ಏಳಿ ಮ್ಯಾಕೆ. ಮಿಷನ್ ತುಳಿಯೋದೇನು ಗಂಡಸ್ರಿಗೇ ಬರ್ಕೊಟ್ಟವ್ರಾ?"

ಅವತ್ತು ಕೂತವಳು ಮತ್ತೆ ಎದ್ದಿಲ್ಲ. ಅತ್ತೆ ಸುಬ್ಬಮ್ಮ ಬದುಕಿರುವಷ್ಟು ದಿನ ಗೊಣಗಿದರು. ಸೀಟು ಹೊಲಿದುಕೋ, ಆದರೆ ತೊಗಲನ್ನು ಹೊಸಿಲು ದಾಟಿಸಬೇಡ ಅಂತ ಅವರ ಕಟ್ಟಪ್ಪಣೆ. "ಅಯ್ಯೋ ಅತ್ತೆ, ಬಾವಿ ನೀರೆತ್ತೋ ಕಪಿಲೆ ತೊಗಲು, ನೊಗ ಕಟ್ಟೋ ಮಿಣಿ ತೊಗಲು, ಅವಾಗ ಇಲ್ದೇ ಇದ್ದ ಮೈಲಿಗೆ ಈಗೆಲ್ಲಿಂದ ಬಂತು?" ಅಂತ ಸೊಸೆ ಬಾಯಿ ಜೋರು ಮಾಡುತ್ತಿದ್ದಳು. ಬೆಳ್ಳಮ್ಮನ ಬಾಯಿಗೆ ಬಿದ್ದು ಬದುಕಿ ಬಂದವರು ಕಡಿಮೆ. ಆದರೂ ಚರ್ಮ ಅಂಗಡಿಯಲ್ಲೇ ಉಳಿಯಿತು. ಹೊಸಿಲು ದಾಟಲಿಲ್ಲ.

ಬೆಳ್ಳಮ್ಮನ ಹೆಸರು ಹಾಸನದ ತನಕ ಹೋದದ್ದು ಸೀಟಿನಿಂದಲ್ಲ, ಗೇರ್ ಬೂಟಿನಿಂದ. ಬೂಟು ಅಂದರೆ ಕಾಲಿಗೆ ಹಾಕುವುದಲ್ಲ. ಹಳೇ ಜೀಪಿನಲ್ಲಿ ಡ್ರೈವರ್ ಪಕ್ಕ ನೆಲದಿಂದ ಗೇರ್ ರಾಡು ಎದ್ದಿರುತ್ತದಲ್ಲ, ಅದರ ಬುಡಕ್ಕೆ ಲಂಗ ಉಡಿಸಿದ ಹಾಗೆ ಒಂದು ಚೀಲ ಸುತ್ತಿರುತ್ತದೆ. ಕೆಳಗಿನ ಕಾವು, ಧೂಳು, ಮಳೆಗಾಲದ ರಾಡಿ ಮೇಲೆ ಬಾರದ ಹಾಗೆ ತಡೆಯುವುದು ಅದೇ. ಗಾಡಿಯ ಜೊತೆ ಬಂದ ರಬ್ಬರು ಬೂಟು ವಯಸ್ಸಾದ ಮೇಲೆ ಒಣಗಿ ಬಿರಿಯುತ್ತದೆ. ಮೂವತ್ತು ನಲವತ್ತು ವರ್ಷದ ಜೀಪಿಗೆ ಹೊಸದು ಹುಡುಕಿದರೂ ಸಿಗುವುದಿಲ್ಲ. ಕೈಯಲ್ಲೇ ಹೊಲಿಯಬೇಕು.

ಹೊಲಿಯುವವರು ಬೇರೆಯವರೂ ಇದ್ದಾರೆ. ಅವರು ಹಳೇ ಬೂಟು ಬಿಚ್ಚಿ ಅದರ ಅಳತೆಗೇ ಕತ್ತರಿಸುತ್ತಾರೆ. ಬೆಳ್ಳಮ್ಮ ಹಾಗಲ್ಲ. ಸೀರೆ ಎತ್ತಿ ಕಟ್ಟಿ ಜೀಪು ಹತ್ತಿ ಡ್ರೈವರ್ ಸೀಟಿನಲ್ಲಿ ಕೂತು, ರಾಡನ್ನು ಒಂದನೇ ಗೇರಿಗೆ, ಎರಡಕ್ಕೆ, ರಿವರ್ಸಿಗೆ ಎಲ್ಲಾ ಕಡೆಗೂ ಎಳೆದು ನೋಡುತ್ತಾಳೆ. ಎಲ್ಲಿ ಎಷ್ಟು ಸಡಿಲ ಬೇಕು ಅಂತ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕುತ್ತಾಳೆ. ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ನಾಲ್ಕು ಎಸಳು ಕತ್ತರಿಸಿ, ರಾಡಿಗೆ ಉಡಿಸಿ ನೋಡಿ, ಆಮೇಲೆ ಚರ್ಮಕ್ಕೆ ಕತ್ತರಿ ಇಡುತ್ತಾಳೆ. ಒಳಮಗ್ಗಲು ಹೊಲಿದು, ಚೀಲ ಮಗುಚಿದ ಹಾಗೆ ಮಗುಚಿದರೆ ಹೊಲಿಗೆಯೇ ಕಾಣುವುದಿಲ್ಲ. ಅರಕಲಗೂಡಿನ ಹೊಗೆಸೊಪ್ಪು ಬೆಳೆಯುವವರು, ಹೊಳೆನರಸೀಪುರದ ತೆಂಗಿನಕಾಯಿ ಮಂಡಿಯವರು, ಹಳೇ ಜೀಪು ಇಟ್ಟುಕೊಂಡ ಯಾರೇ ಆಗಲಿ, ಗಾಡಿಯನ್ನು ಇಲ್ಲಿಗೇ ತಂದು ನಿಲ್ಲಿಸುತ್ತಿದ್ದರು.

ಧರ್ಮೇಂದ್ರ ಮೇಷ್ಟ್ರು ಬಂದದ್ದೂ ಹಾಗೇ. ಜಿನನಾಥಪುರದ ಜೈನರು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ರಿಟೈರಾದವರು. ಬಿಳಿ ಪಂಚೆ, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ, ಕೈಗೆ ಸ್ಟೀಲು ಚೈನಿನ ವಾಚು. ಅವರಪ್ಪನ ಕಾಲದ ಹಸಿರು ಜೀಪು, ಬಣ್ಣ ಹೋಗಿ ಪಾಚಿ ಕಟ್ಟಿದ ತೊಟ್ಟಿಯ ಹಾಗಿತ್ತು. ದಿನಾ ಬೆಳಗ್ಗೆ ತೋಟದಿಂದ ಎಳನೀರು, ಮನೆಯಿಂದ ಹಾಲಿನ ಕ್ಯಾನು, ಹೂವಿನ ಬುಟ್ಟಿ ಅದರಲ್ಲೇ ಬಸದಿಗೆ ಹೋಗಬೇಕು.

"ಚರ್ಮ ಬೇಡ ತಾಯಿ, ನಾವು ಮುಟ್ಟೋರಲ್ಲ," ಅಂದರು ಮೊದಲ ದಿನವೇ. "ರೆಕ್ಸಿನ್ನೋ ಬಟ್ಟೆಯೋ, ಏನಾದರೂ ಸರಿ."

ರೆಕ್ಸಿನ್ನಿನಲ್ಲೇ ಹೊಲಿದುಕೊಟ್ಟಳು. ನಾಲ್ಕು ತಿಂಗಳಿಗೆ ಬಿರಿಯಿತು. ಆ ಜೀಪಿನ ಕಾವು ಅಂಥದ್ದು, ಕೆಳಗೆ ಒಲೆ ಇಟ್ಟಿದ್ದಾರೇನೋ ಅನ್ನಬೇಕು. ಎರಡನೆಯದು ಬೇಸಿಗೆಗೆ ಸಿಕ್ಕಿ ಮೂರೇ ತಿಂಗಳಿಗೆ ಹೋಯಿತು. ಬೇರೆ ಗಿರಾಕಿಯಾಗಿದ್ದರೆ ರಸ್ತೆಯಲ್ಲಿ ನಿಂತು ಕೂಗಾಡುತ್ತಿದ್ದ. ಮೇಷ್ಟ್ರು ಹರಿದ ಬೂಟನ್ನು ಮಡಿಸಿ ಕೈಗೆ ಕೊಟ್ಟು, "ಇನ್ನೊಂದು ಹೊಲಿದುಕೊಡಮ್ಮ. ನಿನ್ನ ತಪ್ಪೇನಿದೆ, ಜೀಪಿಗೆ ನನಗಿಂತ ಕೋಪ ಜಾಸ್ತಿ," ಅಂತ ನಕ್ಕರು.

ಪಕ್ಕದ ಅರುಣ್‌ಕುಮಾರ ಸುಮ್ಮನಿರಬೇಕಲ್ಲ. ಸ್ಪ್ಯಾನರು ಹಿಡಿದುಕೊಂಡೇ ಇಣುಕಿ, "ಅಕ್ಕೋ, ನಿನ್ ಬೂಟು ಪೇಪರ್ ಲೋಟ ಆಗೋಯ್ತಲ್ಲ. ಒಂದ್ ಟೀಗೆ ಒಂದು!" ಅಂದ. ಗ್ಯಾರೇಜಿನಲ್ಲಿದ್ದ ನಾಲ್ಕು ಜನ ಕಿಸಕ್ಕನೆ ನಕ್ಕರು.

ಬೆಳ್ಳಮ್ಮನ ಮೈಯೆಲ್ಲ ಉರಿದುಹೋಯಿತು. "ನಿನ್ ಬಾಯಿಗೆ ಗ್ರೀಸ್ ಆಕ, ಓಗ್ಲಾ!" ಅಂತ ಬೈದು ಒಳಗೆ ಬಂದವಳ ಕಣ್ಣಿಗೆ ಬಿದ್ದದ್ದು ಅಟ್ಟಣಿಗೆಯ ಮೇಲಿನ ಸುರುಳಿ. ಅರಕಲಗೂಡಿನ ಕೆಲಸದಲ್ಲಿ ಮಿಕ್ಕ ಮೇಕೆ ಚರ್ಮ. ಕಪ್ಪು ಬಣ್ಣ, ಬೆಣ್ಣೆಯಷ್ಟು ಮೆತ್ತಗೆ, ಎಷ್ಟು ಕಾವಿಗೂ ಜಗ್ಗದ್ದು. ಮೇಷ್ಟ್ರ ಜೀಪಿನ ಅಳತೆಗೆ ಕತ್ತರಿಸಿದ ಕ್ಯಾಲೆಂಡರಿನ ಎಸಳುಗಳು ಮೊಳೆಗೆ ನೇತಾಡುತ್ತಿದ್ದವು. ಕೈ ಅವನ್ನು ತೆಗೆದು ಚರ್ಮದ ಮೇಲೆ ಹಾಸಿಯೇಬಿಟ್ಟಿತು.

ಅಷ್ಟಕ್ಕೇ ನಿಂತಿದ್ದರೆ ಸಿಟ್ಟಿನಲ್ಲಿ ಮಾಡಿದ್ದು ಅನ್ನಬಹುದಿತ್ತು. ಆದರೆ ಚರ್ಮದ ಒಳಮೈ ಗುಟ್ಟು ಬಿಟ್ಟುಕೊಡುತ್ತದೆ. ರೆಕ್ಸಿನ್ನಿನ ಹಿಂದೆ ಬಟ್ಟೆ ಇರುತ್ತದೆ, ಚರ್ಮದ ಹಿಂದೆ ನುಣ್ಣನೆಯ ಜುಂಗು. ತಿರುವಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಬೆಳ್ಳಮ್ಮ ಕಪ್ಪು ಕಾಟನ್ ಬಟ್ಟೆ ಕತ್ತರಿಸಿ, ಸಲೂಷನ್ ಬಳಿದು, ನಾಲ್ಕೂ ಎಸಳಿನ ಹಿಂದೆ ಒತ್ತಿ ಅಂಟಿಸಿದಳು. ಸಲೂಷನ್ ಒಣಗಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಯಾವ ಸಿಟ್ಟೂ ಇರುವುದಿಲ್ಲ. ಇದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ, ಬೆಳ್ಳಮ್ಮನೇ ಆಮೇಲೆ ಸಾವಿರ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ.

ಪಾಪಯ್ಯ ಪೇಪರಿನ ಅಂಚಿನಿಂದ ಕಣ್ಣು ತೂರಿಸಿದ. "ಲೇ ಬೆಳ್ಳಿ, ಅದು ಮೇಷ್ಟ್ರ ಜೀಪಿಂದಲ್ವೇನೇ?"

"ನೀವು ಸುಮ್ಕೆ ಪೇಪರ್ ಓದ್ರಿ."

ಮಾರನೇ ದಿನ ಮೇಷ್ಟ್ರು ಬಂದರು. ಬೂಟು ಕೂರಿಸಿ, ಪಟ್ಟಿಗೆ ಸ್ಕ್ರೂ ಬಿಗಿದು ಬೆಳ್ಳಮ್ಮ ಕೆಳಗಿಳಿದಳು. ಅವರು ಅಂಗೈಯಿಂದ ಸವರಿ ನೋಡಿದರು.

"ಎಷ್ಟು ಮೆತ್ತಗಿದೆ! ಇದು ಬೇರೆ ಥರದ್ದಾ?"

"ಊಂ, ಹಾಸನಕ್ಕೆ ವಸಾ ರೆಕ್ಸಿನ್ ಬಂದದೆ ಮೇಷ್ಟ್ರೇ. ಇದು ಬಾಳ್ಕೆ ಬತ್ತದೆ."

ತಿರುವಿ ನೋಡುತ್ತಾರೆ, ಇನ್ನೇನು ತಿರುವಿ ನೋಡಿಯೇಬಿಡುತ್ತಾರೆ ಅಂತ ಅವಳು ಅವರ ಕೈಯನ್ನೇ ನೋಡುತ್ತಿದ್ದಳು. "ಬೇಕಾರೆ ಸ್ಕ್ರೂ ಬಿಚ್ತೀನಿ, ಹಿಂದ್ಗಡೆ ನೋಡ್ಕಳಿ," ಅಂದಳು, ತಾನೇ ಮುಂದಾಗಿ. ಬಟ್ಟೆ ಅಂಟಿಸಿದ ಧೈರ್ಯ!

"ನೀನು ಹೇಳಿದೆಯಲ್ಲ, ಮುಗೀತು," ಅಂದು ಮೇಷ್ಟ್ರು ಜೀಪು ಹತ್ತಿದರು.

ಬೂಟು ಹರಿಯಲಿಲ್ಲ. ನಾಲ್ಕು ತಿಂಗಳಾಯಿತು, ಎಂಟಾಯಿತು, ವರ್ಷವಾಯಿತು. ಅರುಣ್‌ಕುಮಾರನ ಬಾಯಿ ಬಂದಾಯಿತು. ಮೊದಮೊದಲು ಬೆಳ್ಳಮ್ಮ ಹಿಗ್ಗಿದ್ದೇ ಹಿಗ್ಗಿದ್ದು. ಹಸಿರು ಜೀಪು ರಸ್ತೆಯಲ್ಲಿ ಹೋದರೆ, "ನೋಡ್ಲಾ ಅರುಣ, ಎಂಗದೆ ನನ್ ಪೇಪರ್ ಲೋಟ?" ಅಂತ ಕೂಗಿ ಹೇಳುತ್ತಿದ್ದಳು.

ಒಂದು ದೀಪಾವಳಿಗೆ ಮೇಷ್ಟ್ರು ಅಂಗಡಿ ಮುಂದೆ ಜೀಪು ನಿಲ್ಲಿಸಿ ಡಬ್ಬಿ ತುಂಬ ಸಿಹಿ ಕೊಟ್ಟರು. ಡಬ್ಬಿ ಇಸಿದುಕೊಳ್ಳಲು ಹೋದವಳು ಒಳಗೆ ನೋಡಿದಳು. ಎರಡು ಸೀಟಿನ ನಡುವೆ ಹೂವಿನ ಬುಟ್ಟಿ. ಜಾಗ ಸಾಲದೆ ಗೇರ್ ರಾಡಿನ ಬುಡಕ್ಕೆ ಒರಗಿಸಿಟ್ಟಿದ್ದರು. ಮಲ್ಲಿಗೆ ದಂಡೆಯ ತುದಿ ಬುಟ್ಟಿಯಿಂದ ಈಚೆಗೆ ಇಳಿದು ಕಪ್ಪು ಬೂಟಿನ ಮೇಲೆ ಮಲಗಿತ್ತು.

ಬೆಳ್ಳಮ್ಮ ಡಬ್ಬಿ ಇಸಿದುಕೊಳ್ಳುವುದನ್ನೇ ಮರೆತಳು. ಮೇಷ್ಟ್ರು ಏನೋ ಹೇಳುತ್ತಿದ್ದರು, ನಿನ್ನ ಕೈಗುಣ ದೊಡ್ಡದು ಅಂತಲೋ ಏನೋ, ಅವಳ ಕಿವಿಗೆ ಬೀಳಲಿಲ್ಲ. ಈ ಹೂವು ನೆಟ್ಟಗೆ ದೇವರ ಪಾದಕ್ಕೆ ಹೋಗುತ್ತದೆ.

ಅವತ್ತಿನಿಂದ ಶುರುವಾಯಿತು ನೋಡಿ. ಸಮಾಧಾನಕ್ಕೆ ನೂರು ದಾರಿ ಹುಡುಕಿದಳು. ಬಸದಿಗೆ ಹೋದ ಮೇಲೆ ಮೇಷ್ಟ್ರು ಕೈಕಾಲು ತೊಳೆದೇ ತೊಳೆಯುತ್ತಾರೆ, ಮಡಿ ಉಟ್ಟೇ ಉಡುತ್ತಾರೆ ಅಂತ ಒಂದು ದಿನ ಅಂದುಕೊಂಡಳು. ಸರಿ, ಹೂವನ್ನು ಯಾರು ತೊಳೆಯುತ್ತಾರೆ? ಆ ಮೇಕೆ ಹೇಗೂ ಸತ್ತಿತ್ತು, ನಾನೇನು ಕೊಂದೆನೆ ಅಂತ ಇನ್ನೊಂದು ದಿನ. ಕೊಂದವನು ಯಾರಿಗೂ ಇದು ರೆಕ್ಸಿನ್ನು ಅಂತ ಹೇಳಿರಲಿಲ್ಲವಲ್ಲ! ತಾನು ಅತ್ತೆಗೆ ಎಸೆದ ಕಪಿಲೆ, ಮಿಣಿಯ ಮಾತೂ ನೆನಪಾಯಿತು. ಅದು ತನ್ನ ಮನೆಯ ಮೈಲಿಗೆಯ ಮಾತು. ಮೇಷ್ಟ್ರದು ಮೈಲಿಗೆಯಲ್ಲ, ಒಂದು ಜೀವಕ್ಕೆ ನೋವಾಗಬಾರದು ಅನ್ನುವ ಮಾತು. ಅದನ್ನು ತುಳಿಯಲು ತಾನು ಯಾರು?

ಜೀಪಿನ ಸದ್ದು ಕೇಳಿದರೆ ಈಗ ಒಳಗೆ ಹೋಗಿ ಫೋಮಿನ ಹಾಳೆಗಳ ಹಿಂದೆ ನಿಲ್ಲುತ್ತಿದ್ದಳು. ಗಂಡನ ಹತ್ತಿರ ಹೇಳಿಕೊಂಡಳು. ಪಾಪಯ್ಯ ಪೇಪರು ಮಡಿಸಿ, "ಈಗ್ಯಾಕೆ ಬಾಯ್ಬುಡ್ತೀಯ? ಅವರ್ಗೇನು ಗೊತ್ತಾದದಾ? ಗೊತ್ತಿಲ್ದೇ ಇದ್ರೆ ಅವರ್ಗೂ ನೆಮ್ಮದಿ," ಅಂದ.

"ನನ್ಗೆ?"

ಪಾಪಯ್ಯ ಮಡಿಸಿದ ಪೇಪರನ್ನು ಮತ್ತೆ ಬಿಡಿಸಿದ.

ಹೇಳದೆಯೇ ಬದಲಾಯಿಸಿಬಿಟ್ಟರೆ? ಒಳ್ಳೆಯ ಉಪಾಯ ಅನ್ನಿಸಿತು. ಮೇಷ್ಟ್ರು ಮತ್ತೆ ಸಿಕ್ಕಾಗ, "ಆ ಬೂಟು ಹಳೇದಾಯ್ತು, ಬಟ್ಟೇದು ಒಂದು ಒಲಿದಿವ್ನಿ, ಸುಮ್ಕೆ ಆಕ್ಕೊಡ್ತೀನಿ, ದುಡ್ಡು ಬ್ಯಾಡ," ಅಂದಳು.

"ಇರೋದೇ ಚೆನ್ನಾಗಿರುವಾಗ ಇನ್ನೊಂದಕ್ಕೆ ಆಸೆಪಡಬಾರದಮ್ಮ," ಅಂದರು ಅವರು.

ಅಯ್ಯೋ ದೇವರೇ! ಆಸೆಯನ್ನೇ ಬಿಟ್ಟವರಿಗೆ ಏನು ಕೊಟ್ಟು ಮೋಸ ಮುಚ್ಚುವುದು?

ಇನ್ನೊಂದು ಸಲ ಜೀಪು ಆಯಿಲ್ ಬದಲಾಯಿಸಲು ಅರುಣ್‌ಕುಮಾರನ ಗ್ಯಾರೇಜಿನಲ್ಲಿ ನಿಂತಿತ್ತು. ಮೇಷ್ಟ್ರು ಪೇಟೆಗೆ ಹೋಗಿದ್ದರು. ಬೆಳ್ಳಮ್ಮ ಬ್ಲೇಡು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಬೂಟಿನ ಒಂದು ಮಗ್ಗುಲ ಹೊಲಿಗೆಯನ್ನು ಗೇಣುದ್ದ ಸೀಳಿಬಂದಳು. ತನ್ನ ಹೊಲಿಗೆಯನ್ನು ತಾನೇ ಸೀಳುವಾಗ ಕೈ ಬರಲಿಲ್ಲ, ಆದರೂ ಸೀಳಿದಳು. ಹರಿದಿದೆ ಅಂತ ಬಂದೇ ಬರುತ್ತಾರೆ, ಆಗ ಕಿತ್ತು ಬಟ್ಟೆಯದು ಹಾಕಿದರಾಯಿತು ಅಂತ ಲೆಕ್ಕ.

ಅರ್ಧ ಗಂಟೆಗೆ ಮೇಷ್ಟ್ರು ಬಂದರು. "ಬೆಳ್ಳಮ್ಮ, ಒಂದು ಕಡೆ ಹೊಲಿಗೆ ಬಿಟ್ಟಿದೆ. ರೆಕ್ಸಿನ್ ಗಟ್ಟಿಯಾಗೇ ಇದೆ. ಅದನ್ನೇ ಒಂದು ಹೊಲಿಗೆ ಹಾಕಿಬಿಡು."

ಎದುರಿಗೆ ನಿಂತಿದ್ದರು. ಬೆಳ್ಳಮ್ಮ ದಬ್ಬಳಕ್ಕೆ ದಾರ ಪೋಣಿಸಿ, ಅದೇ ಚರ್ಮವನ್ನು ಅದೇ ಜೀಪಿಗೆ ಎರಡನೇ ಸಲ ಹೊಲಿದಳು. ಮೊದಲ ಸಲ ಸಿಟ್ಟಾದರೂ ಇತ್ತು. ಈ ಸಲ ಬರೀ ಹೇಡಿತನ. ಮುಗಿದ ಮೇಲೆ ಅಂಗಡಿಯ ಹಿಂದಕ್ಕೆ ಹೋಗಿ, "ಥೂ ನನ್ ಜಲ್ಮಕ್ಕಿಷ್ಟು!" ಅಂತ ಹಣೆ ಚಚ್ಚಿಕೊಂಡಳು.

ಹೀಗೇ ಮೂರು ವರ್ಷ ಕಳೆಯಿತು.

ಹೋದ ವರ್ಷ ಮಾಗಿಯಲ್ಲಿ ಒಂದು ಬೆಳಗ್ಗೆ ಅಂಗಡಿ ಮುಂದೆ ಎರಡು ಜೀಪು ನಿಂತವು. ಮುಂದೆ ಮೇಷ್ಟ್ರದು, ಹಿಂದೆ ಹೊಳೆನರಸೀಪುರದ ಅವರ ಷಡ್ಡಕರದು. ಷಡ್ಡಕರೂ ಅದೇ ಆಚಾರದವರು, ಸ್ವಲ್ಪ ಮುಂಗೋಪ.

"ನಮ್ಮ ಬೆಳ್ಳಮ್ಮ ಅಂದರೆ ಇವರೇ," ಅಂತ ಮೇಷ್ಟ್ರು ತಮ್ಮ ಜೀಪಿನ ಬಾಗಿಲು ತೆಗೆದು ಬೂಟಿನ ಮೇಲೆ ಕೈಯಿಟ್ಟರು. "ನೋಡಿ, ಮೂರು ವರ್ಷವಾಯಿತು. ಚರ್ಮವೇ ಬೇಕು, ಬೇರೆ ತಡೆಯಲ್ಲ ಅಂತಾರಲ್ಲ ಎಲ್ಲರೂ, ಸುಳ್ಳು. ಒಂದು ಜೀವಕ್ಕೂ ತೊಂದರೆ ಇಲ್ಲದೆ ಹೇಗೆ ಹೊಲಿಯಬಹುದು ಅಂತ ಈ ತಾಯಿ ತೋರಿಸಿದ್ದಾರೆ. ಅಮ್ಮ, ಇವರ ಜೀಪಿಗೂ ಅದೇ ರೆಕ್ಸಿನ್ನಿನಲ್ಲಿ ಒಂದು. ಇನ್ನೂ ಇಬ್ಬರು ಕೇಳಿದ್ದಾರೆ."

ಒಂದು ಸುಳ್ಳು ನಾಲ್ಕಾಗಿ ಬಾಗಿಲಲ್ಲಿ ನಿಂತಿತ್ತು. ಷಡ್ಡಕರು ಬಗ್ಗಿ ಬೂಟು ಮುಟ್ಟಲು ಕೈ ಚಾಚಿದರು.

"ಮುಟ್ಬ್ಯಾಡಿ!"

ಎಷ್ಟು ಜೋರಾಗಿ ಕೂಗಿದಳೆಂದರೆ ಅರುಣ್‌ಕುಮಾರ ಜೀಪಿನಡಿಯಿಂದ ತಲೆ ಹೊರಗೆ ಹಾಕಿದ.

"ಮುಟ್ಬ್ಯಾಡಿ ಸಾಮಿ. ಅದು ರೆಕ್ಸಿನ್ನಲ್ಲ. ಚರ್ಮ. ಮೇಷ್ಟ್ರೇ, ಅದು ಚರ್ಮ ಕಣ್ ಮೇಷ್ಟ್ರೇ. ಹಿಂದ್ಗಡೆ ಬಟ್ಟೆ ಅಂಟ್ಸಿ ನಿಮ್ಗೆ ಸುಳ್ಳೇಳ್ದೆ. ನನ್ ಒಲಿಗೆ ಕಿತ್ತೋಯ್ತದೆ ಅಂತ ಆಡ್ಕಂಡ್ರು, ಅದ್ಕೆ. ಹೋದ್ಸಲ ಒಲಿಗೆ ಸೀಳಿದ್ದೂ ನಾನೇಯ."

ಬ್ಲೇಡಿನ ಸಂಗತಿ ಅವರು ಕೇಳಿರಲಿಲ್ಲ. ಬಾಯಿ ಬಿಟ್ಟ ಮೇಲೆ ಎಲ್ಲಾ ಸುರಿದುಹೋಯಿತು.

ಷಡ್ಡಕರು ಕೆಂಡವಾದರು. "ಏನಮ್ಮಾ ನೀನು? ಮನುಷ್ಯಳೇನು? ಬಸದಿಗೆ ಹೋಗೋ ಗಾಡಿ ಅಂತ ಗೊತ್ತಿಲ್ವಾ ನಿನಗೆ?" ಬೆಳ್ಳಮ್ಮ ತಲೆ ತಗ್ಗಿಸಿ ನಿಂತಳು. ಬೈಯಲಿ, ಇನ್ನೂ ಬೈಯಲಿ ಅನ್ನಿಸುತ್ತಿತ್ತು. ಬೈದಷ್ಟೂ ಎದೆ ಹಗುರವಾಗುತ್ತಿತ್ತು.

ಮೇಷ್ಟ್ರು ಮಾತ್ರ ಬೈಯಲಿಲ್ಲ. ಬೂಟಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಅಂಗೈ ನೋಡಿಕೊಂಡರು.

"ಯಾವ ಜೀವ?" ಅಂತ ಕೇಳಿದರು.

"ಮೇಕೆ."

ಮೇಷ್ಟ್ರು ಜೀಪಿನಿಂದ ಹಿಂದೆ ಸರಿದು, "ಬಿಚ್ಚಿಬಿಡಮ್ಮ," ಅಂದರು.

ಬೆಳ್ಳಮ್ಮ ಸ್ಕ್ರೂ ಬಿಚ್ಚಿ ಬೂಟು ಕಿತ್ತಳು. ಮೇಷ್ಟ್ರು ಅವತ್ತು ಗಾಡಿ ಓಡಿಸಲಿಲ್ಲ. ತಮ್ಮ ಜೀಪನ್ನು ಅಲ್ಲೇ ಬಿಟ್ಟು, ಷಡ್ಡಕರ ಜೀಪಿನಲ್ಲಿ ಕೂತು ಹೋದರು. ಸಂಜೆ ಅವರ ಆಳು ಬಂದು ಜೀಪು ತೆಗೆದುಕೊಂಡು ಹೋದ. ಚರ್ಮದ ಬೂಟನ್ನು ಬೆಳ್ಳಮ್ಮ ಅಂಗಡಿಯ ಹಿಂದೆ ಗುಂಡಿ ತೋಡಿ ಹೂತಳು.

ಒಂದು ಮಾತು ಮುಚ್ಚಿಡಬಾರದು. ಅವತ್ತು ಬೆಳ್ಳಮ್ಮ ಮನೆಗೆ ಹೋಗಿ ಎರಡು ಮುದ್ದೆ ಉಂಡಳು. ಮೂರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇಳಿದುಹೋಗಿತ್ತು. "ಏಳ್ಬುಟ್ಟೆ ಕಣ್ರೀ, ಎಂಗೋ ಕಳೀತು," ಅಂತ ಗಂಡನಿಗೆ ಹೇಳಿ ಇನ್ನಷ್ಟು ಸಾರು ಬಡಿಸಿಕೊಂಡಳು. ಕಳೆಯಿತು ಅಂತಲೇ ತಿಳಿದಿದ್ದಳು ಪಾಪ.

ತಿಂಗಳಾದ ಮೇಲೆ ಮೇಷ್ಟ್ರ ಸೊಸೆ ನಿಧಿ ಅಂಗಡಿಗೆ ಬಂದಳು. ಬ್ಯಾಗಿನ ಜಿಪ್ಪು ಕಿತ್ತುಹೋಗಿತ್ತು. ಜಗಳಕ್ಕೆ ಬಂದಿರಬೇಕು ಅಂತ ಬೆಳ್ಳಮ್ಮ ಅಂದುಕೊಂಡಳು. ಹುಡುಗಿ ಸೌಮ್ಯವಾಗೇ ಕೂತಳು. ಬೆಳ್ಳಮ್ಮ ಜಿಪ್ಪು ಹೊಲಿಯುತ್ತಾ, ತಲೆ ಎತ್ತದೆ, "ಮೇಷ್ಟ್ರು ಎಂಗವ್ರೆ ತಾಯಿ?" ಅಂತ ಕೇಳಿದಳು.

"ಇದಾರೆ ಆಂಟಿ. ಸ್ವಲ್ಪ ಸೊರಗಿದಾರೆ. ಉಪ್ಪು ಬಿಟ್ಟಿದಾರಲ್ಲ."

ಮಿಷನ್ನಿನ ಚಕ್ರ ನಿಂತಿತು. "ಉಪ್ಪಾ?"

"ಮುನಿಗಳ ಹತ್ತಿರ ಹೋಗಿ ಹೇಳಿಕೊಂಡರು. ತಿಳಿಯದೆ ಆದದ್ದು, ಒಂದು ದಿನ ಉಪವಾಸ ಮಾಡಿ ಸಾಕು ಅಂದರು ಅವರು. ಮಾವ ಉಪವಾಸವನ್ನೂ ಮಾಡಿದರು, ಆಮೇಲೆ ತಾವಾಗಿಯೇ ಮೂರು ವರ್ಷ ಉಪ್ಪು ಬಿಡ್ತೀನಿ ಅಂತ ನೇಮ ಹಿಡಿದರು. ಬಸದಿಯಲ್ಲಿ ಅಭಿಷೇಕದ ಹಾಲಿನ ಚೊಂಬು ಎತ್ತಿಕೊಡ್ತಾ ಇದ್ದದ್ದು ಅವರೇ. ಈಗ ಮುಟ್ಟಲ್ಲ. ಕಂಬದ ಹತ್ತಿರ ನಿಂತು ನೋಡ್ತಾರೆ."

"ಮಾಡ್ದೋಳು ನಾನು! ಅವರ್ಯಾಕೆ ಉಪ್ಪು ಬುಡ್ಬೇಕು?"

"ನಾವೂ ಅದೇ ಕೇಳಿದ್ವಿ. 'ಮುಟ್ಟಿದ್ದು ನನ್ನ ಕೈ. ತಿರುವಿ ನೋಡು ಅಂತ ಅವಳೇ ಹೇಳಿದ್ದಳು, ನೋಡಲಿಲ್ಲ. ಹರಿಯಲಿಲ್ಲ ಅಂತ ಮೂರು ವರ್ಷ ಖುಷಿಪಟ್ಟವನೂ ನಾನೇ' ಅಂತಾರೆ. ಮುನಿಗಳ ಹತ್ತಿರವೂ ನಿಮ್ಮ ಹೆಸರು ತೆಗೀಲಿಲ್ಲ ಆಂಟಿ. ವಿಚಾರಿಸದೆ ಚರ್ಮ ಹಾಕಿಸಿಕೊಂಡುಬಿಟ್ಟೆ ಅಂತ ಅಷ್ಟೇ ಹೇಳಿದ್ದು."

ತಿರುವಿ ನೋಡಿದ್ದರೆ ಏನು ಕಾಣುತ್ತಿತ್ತು? ಬಟ್ಟೆ. ಅದನ್ನು ಅಂಟಿಸಿದವಳು ಮಿಷನ್ನಿನ ಮುಂದೆ ಕಲ್ಲಿನ ಹಾಗೆ ಕೂತಿದ್ದಳು. ತನ್ನ ಎದೆ ಹಗುರ ಮಾಡಿಕೊಳ್ಳಲು ಬಾಯಿ ಬಿಟ್ಟದ್ದು, ಆ ಭಾರ ಹೋಗಿ ಅವರ ತಟ್ಟೆಗೆ ಬಿದ್ದಿತ್ತು. ಅವರು ಸಪ್ಪೆ ಉಣ್ಣುವಾಗ ತಾನು ಎರಡು ಮುದ್ದೆ ನುಂಗಿ ಇನ್ನಷ್ಟು ಸಾರು ಹಾಕಿಸಿಕೊಂಡಿದ್ದಳು.

ತಾನೂ ಉಪ್ಪು ಬಿಡುತ್ತೇನೆ ಅಂತ ಅವತ್ತೇ ಹಟ ಹಿಡಿದಳು. ಮೊದಲ ದಿನ ಸಪ್ಪೆ ಸಾರಿನಲ್ಲಿ ಮುದ್ದೆ ಅದ್ದಿ ನುಂಗಿದಳು. ಎರಡನೇ ದಿನ ಕಣ್ಣು ಮುಚ್ಚಿ ನುಂಗಿದಳು. ಮೂರನೇ ದಿನ ತಲೆ ಸುತ್ತಿದಂತಾಗಿ ಮಿಷನ್ನಿನ ಮೇಲೆ ಒರಗಿದಳು. ನಾಲ್ಕನೇ ದಿನ ಅಡುಗೆಮನೆಯಲ್ಲಿ ನಿಂತು ಉಪ್ಪಿನಕಾಯಿ ಜಾಡಿಗೆ ಬೆರಳು ಅದ್ದಿ ನೆಕ್ಕುತ್ತಿದ್ದಾಗ ಪಾಪಯ್ಯ ನೋಡಿಬಿಟ್ಟ. ಹಾಗೇ ಹಿಂದಕ್ಕೆ ತಿರುಗಿ ಹೊರಗೆ ಹೋದ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಬೆಳ್ಳಮ್ಮ ಜಾಡಿ ಮುಚ್ಚಿ, ಒಲೆಯ ಮುಂದೆ ಕೂತು ಗೊಳೋ ಅಂತ ಅತ್ತಳು. ನಾಲ್ಕು ದಿನ ಆಗಲಿಲ್ಲ ತನ್ನ ಕೈಲಿ. ಅವರಿಗೆ ಸಾವಿರ ದಿನ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಸಿರು ಜೀಪು ಅಂಗಡಿ ಮುಂದೆ ನಿಂತಿತು. ಈ ಸಲ ಬೆಳ್ಳಮ್ಮ ಫೋಮಿನ ಹಿಂದೆ ಹೋಗಲಿಲ್ಲ. ಮೇಷ್ಟ್ರು ಇಳಿದರು. ಕೆನ್ನೆ ಒಳಕ್ಕೆ ಹೋಗಿತ್ತು. ಪಂಚೆಯೆಲ್ಲ ಕೆಂಧೂಳು. ಗೇರ್ ರಾಡಿನ ಬುಡದಲ್ಲಿ ಅಂಗೈಯಗಲ ತೂತು ಹಾಗೇ ಇತ್ತು.

"ಕಾಲು ಸುಡ್ತದಮ್ಮ. ಒಂದು ಬೂಟು ಹೊಲಿದುಕೊಡು," ಅಂದರು. ಎಂದಿನ ದನಿಯೇ.

"ನನ್ ತಾವ್ಕೇ ಬಂದ್ರಾ ಮೇಷ್ಟ್ರೇ?"

"ಮತ್ತೆ ಯಾರ ಹತ್ತಿರ ಹೋಗಲಿ? ಈ ಜೀಪಿನ ಅಳತೆ ನಿನಗೆ ತಾನೇ ಗೊತ್ತು."

ಬೆಳ್ಳಮ್ಮ ದಪ್ಪ ಡೇರೆ ಬಟ್ಟೆ ತೆಗೆದಳು, ಎರಡು ಪದರ. ಅವರ ಕಣ್ಣೆದುರೇ ಕತ್ತರಿಸಿದಳು, ಕಣ್ಣೆದುರೇ ಹೊಲಿದಳು. ಜೀಪಿಗೆ ಕೂರಿಸುವಾಗ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟು, ನಾಲಿಗೆಯ ಹಾಗೆ ಈಚೆಗೆ ಮಡಿಸಿದಳು. ಯಾರು ಬೇಕಾದರೂ ಬೆರಳಲ್ಲಿ ಎತ್ತಿ ಹಿಂದುಗಡೆ ನೋಡಬಹುದು. ಎರಡು ಪದರವನ್ನೂ ಬಿಡಿಸಿ ನೋಡಬಹುದು. ಅಂಟಿಲ್ಲ, ಗುಟ್ಟಿಲ್ಲ.

ಮೇಷ್ಟ್ರು ಸೀಟಿನಲ್ಲಿ ಕೂತು ಬಗ್ಗಿದರು. "ಈ ಮೂಲೆ ಮರೆತಿದ್ದೀಯ."

"ಮರ್ತಿಲ್ಲ. ನೀವು ಯಾವಾಗ ಬೇಕಾದ್ರೂ ಎತ್ತಿ ನೋಡ್ಲಿ ಅಂತ ಬುಟ್ಟಿವ್ನಿ."

"ಇಲ್ಲಿಂದ ಧೂಳು ಬರ್ತದಲ್ಲಮ್ಮ. ಹೊಲಿದುಬಿಡು."

"ಒಂದ್ಸಲ ನೋಡ್ಬುಡಿ ಮೇಷ್ಟ್ರೇ. ನಿಮ್ ಕಾಲಿಗ್ ಬೀಳ್ತೀನಿ. ನೋಡ್ಬುಡಿ, ಆಮ್ಯಾಕೆ ಒಲೀತೀನಿ."

ಅವರು ಮುಂದಿನ ಗಾಜಿನಿಂದ ರಸ್ತೆಯ ಕಡೆ ತಿರುಗಿದರು.

"ಬಟ್ಟೆ ತಾನೇ?"

"ಊಂ. ಬಟ್ಟೆ."

"ನೀನು ಹೇಳಿದೆಯಲ್ಲ, ಮುಗೀತು."

ಬೆಳ್ಳಮ್ಮ ಜೀಪಿನ ನೆಲದಲ್ಲಿ ಮಂಡಿಯೂರಿ ಆ ಮೂಲೆಯನ್ನು ಹೊಲಿಯತೊಡಗಿದಳು. ಆರೇಳು ಹೊಲಿಗೆಯ ಕೆಲಸ. ಕಣ್ಣಿಗೆ ಏನೂ ಕಾಣದೆ ದಬ್ಬಳ ಎರಡು ಸಲ ಬೆರಳಿಗೆ ಚುಚ್ಚಿತು. ಅಷ್ಟು ಹೊತ್ತೂ ಒಂದೇ ಒಂದು ಸಲ ಈ ಕಡೆ ತಿರುಗಿ ನೋಡಲಿ ಅಂತ ಅವಳು ಕಾದಳು. ಅವರು ನೋಡಲಿಲ್ಲ.